ಬಾವಿ ಬಳಕೆಯಲ್ಲಿಲ್ಲ

ಮಾರ್ಚ್ 3

ಪುಟ್ಟಾ,

ಇಲ್ಲಿ ಎಲ್ಲ ಕ್ಷೇಮ ಎಂದು ಟೈಪ್ ಮಾಡಿ, ಆಮೇಲೆ ಅದರ ಮೇಲೆ ಗೆರೆ ಹೊಡೆದಿದ್ದೇನೆ. ಹಾಳೆ ಬದಲಾಯಿಸುವಷ್ಟು ತಾಳ್ಮೆ ಇರಲಿಲ್ಲ.

ಮನೆಯ ಹಿಂದಿನ ಇಳಿಜಾರಿನಲ್ಲಿ ಹೋದ ವಾರ ನಾಲ್ಕು ಜನ ಬಂದು ಗೂಟ ಹೊಡೆದು ಹೋದರು. ಗೂಟಗಳ ತಲೆಗೆ ಕೆಂಪು ಬಣ್ಣ. ಅಡುಗೆಮನೆಯ ಕಿಟಕಿಯಿಂದ ಹನ್ನೊಂದು ಕಾಣುತ್ತವೆ. ಮೊನ್ನೆ ಬೀದಿಯ ತಿರುವಿನಲ್ಲಿರುವ ಕಂಬಕ್ಕೆ ನೋಟಿಸು ಅಂಟಿಸಿದ್ದಾರೆ. ಜಲ್ಲಿ ಗಣಿಗಾರಿಕೆ, ಜೊತೆಗೆ ಡಾಂಬರು ಮಿಶ್ರಣ ಘಟಕ, ಹದಿನಾಲ್ಕು ವರ್ಷದ ಅವಧಿಗೆ. ಆಕ್ಷೇಪಣೆ ಇದ್ದವರು ಅರವತ್ತು ದಿನದೊಳಗೆ ಬರೆದು ಕೊಡಬೇಕಂತೆ. ಕೆಳಗೆ ಗಣಿ ಅರ್ಜಿ ಪರಿಶೀಲಿಸುವ ನಿಮ್ಮ ಕಚೇರಿಯದೇ ಮೊಹರಿದೆ. ಅದನ್ನು ನೋಡಿ ನನಗೆ ಒಂದು ಕ್ಷಣ ಧೈರ್ಯ ಬಂತು, ಮರುಕ್ಷಣವೇ ಭಯವಾಯಿತು. ಯಾಕೆಂದು ಗೊತ್ತಿಲ್ಲ.

ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಆ ನೋಟಿಸನ್ನು ಬೀದಿಗೆಲ್ಲ ಕೇಳಿಸುವ ಹಾಗೆ ಓದಿ, ನನ್ನ ಹತ್ತಿರ ಬಂದು ಕಿವಿಯ ಬಳಿ ಕೂಗಿ ಹೇಳಿದ: "ಅಮ್ಮಾ, ಇನ್ಮೇಲೆ ಬಟ್ಟೆ ಒಗೆದು ಹೊರಗೆ ಹಾಕಿದ್ರೆ ಸಾಕು, ಕಪ್ಪು ಬಣ್ಣ ಅವರೇ ಹಾಕ್ಕೊಡ್ತಾರೆ." ಅವನಿಗೆ ಎಲ್ಲವೂ ತಮಾಷೆ. ಆದರೆ ಆಮೇಲೆ ಅವನೇ ಬಹಳ ಹೊತ್ತು ಆ ಗೂಟಗಳ ಕಡೆ ನೋಡುತ್ತ ನಿಂತಿದ್ದ.

ಮಿಶ್ರಣ ಘಟಕ ಎಂದರೆ ಏನು, ಎಷ್ಟು ಹೊಗೆ ಬರುತ್ತದೆ, ಜಲ್ಲಿ ಅಗೆದರೆ ನೀರು ಏನಾಗುತ್ತದೆ, ಇದೆಲ್ಲ ನಿನಗೆ ಗೊತ್ತಿರುತ್ತದೆ. ಬರೆದು ತಿಳಿಸು. ಫೋನು ಮಾಡಬೇಡ, ನನ್ನ ಕಿವಿ ನಿನಗೆ ಗೊತ್ತೇ ಇದೆ, ಹಲೋ ಹಲೋ ಅನ್ನುವುದರಲ್ಲೇ ಮುಗಿಯುತ್ತದೆ. ಜನವರಿಯಲ್ಲಿ ಸರ್ವೆ ಮಾಡುವ ಹುಡುಗಿಯೊಬ್ಬಳು ಬಂದು ಏನೇನೋ ಕೇಳಿ, ನೀರು ಕುಡಿದು ಹೋಗಿದ್ದಳು. ಅದು ಬೇರೆ ಯಾವುದೋ ಕೆಲಸಕ್ಕೆ ಇರಬೇಕು.

ಅಕ್ಕ


ಮಾರ್ಚ್ 8

ಅಕ್ಕಾ,

ನಿನ್ನ ಪತ್ರ ಕೈಗೆ ಬಂದಾಗ ನೀನು ಕೇಳಿದ ಕಡತ ನನ್ನ ಮೇಜಿನ ಮೇಲೆಯೇ ಇತ್ತು. ಇನ್ನೂರ ಹನ್ನೆರಡು ಪುಟ. ಮೊದಲ ಪುಟದಲ್ಲಿ ನಿಮ್ಮ ಬೀದಿಯ ಹೆಸರು ಕಂಡು ಒಂದು ಲೋಟ ನೀರು ಕುಡಿದೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಗಣಿ ಹದಿನೆಂಟು ಮೀಟರ್ ಆಳದವರೆಗೆ ಹೋಗುತ್ತದೆ. ಘಟಕದಲ್ಲಿ ಜಲ್ಲಿಯನ್ನು ಕಾಯಿಸಿ ಡಾಂಬರಿನ ಜೊತೆ ಬೆರೆಸುತ್ತಾರೆ, ಗಂಟೆಗೆ ಎಂಬತ್ತು ಟನ್. ದಿನಕ್ಕೆ ನೂರಿಪ್ಪತ್ತು ಲಾರಿ ಓಡಾಟ, ಅಂದರೆ ನಿನ್ನ ಬಾಗಿಲ ಮುಂದೆ ಐದಾರು ನಿಮಿಷಕ್ಕೊಂದು. ಹೊಗೆಗೆ ಸೋಸುವ ಯಂತ್ರ ಇರುತ್ತದೆ ಎಂದು ಬರೆದಿದ್ದಾರೆ. ನಾನು ನೋಡಿರುವ ಆರು ಘಟಕಗಳಲ್ಲಿ ನಾಲ್ಕರಲ್ಲಿ ಆ ಯಂತ್ರ ಓಡುವುದು ತಪಾಸಣೆಯ ದಿನ ಮಾತ್ರ.

ಆದರೆ ನೀನು ಹೆದರಬೇಕಿಲ್ಲ. ನಿಯಮ ಸ್ಪಷ್ಟವಾಗಿದೆ: ಬಳಕೆಯಲ್ಲಿರುವ ಬಾವಿಯಿಂದ ಮುನ್ನೂರು ಮೀಟರ್ ಒಳಗೆ ಅಗೆಯುವಂತಿಲ್ಲ. ನಕ್ಷೆಯ ಮೇಲೆ ಸ್ಕೇಲು ಇಟ್ಟು ನೋಡಿದೆ, ನಿನ್ನ ಬಾವಿ ಗಣಿಯ ಅಂಚಿಗೆ ಇನ್ನೂರ ಹತ್ತು ಮೀಟರ್. ಮುನ್ನೂರು ಬಿಟ್ಟರೆ ಅವರಿಗೆ ಉಳಿಯುವುದು ಒಂದು ಮೂಲೆ, ಅಷ್ಟಕ್ಕೆ ಯಾರೂ ಘಟಕ ಕಟ್ಟುವುದಿಲ್ಲ. ಇಡೀ ಅರ್ಜಿಗೆ ನಿನ್ನ ಬಾವಿಯೊಂದೇ ಅಡ್ಡ.

ಒಂದು ಮಾತು. ನಾನು ನಿನ್ನ ತಮ್ಮ ಎಂದು ಅಲ್ಲಿ ಯಾರಿಗೂ ಹೇಳಬೇಡ. ಸಂಬಂಧಿಕರ ಆಸ್ತಿ ಅರ್ಜಿಯ ಸರಹದ್ದಿನಲ್ಲಿ ಬಂದರೆ ನಾವು ಮೊದಲೇ ಬರೆದು ತಿಳಿಸಿ ಕಡತವನ್ನು ಬೇರೆಯವರಿಗೆ ಬಿಡಬೇಕು. ನಾನು ಬಿಟ್ಟರೆ ಅದು ಮೂರನೇ ಮೇಜಿಗೆ ಹೋಗುತ್ತದೆ. ಅಲ್ಲಿರುವವನು ಮೊದಲ ಪುಟ ಓದುತ್ತಾನೆ, ಕೊನೆಯ ಪುಟಕ್ಕೆ ಸಹಿ ಹಾಕುತ್ತಾನೆ. ನಡುವಿನದ್ದು ಅವನಿಗೆ ಬೇಕಿಲ್ಲ. ಆದ್ದರಿಂದ ಸುಮ್ಮನಿದ್ದೇನೆ. ನಿನ್ನ ಮನೆ ಭಾವನ ಮನೆತನದ ಹೆಸರಿನಲ್ಲಿರುವುದರಿಂದ ಯಾರಿಗೂ ಹೊಳೆದಿಲ್ಲ.

ಅಂದ ಹಾಗೆ, ನಿನ್ನ ಪತ್ರದಲ್ಲಿ ಒಂದೊಂದು ಅಕ್ಷರ ಎರಡೆರಡು ಸಲ ಬಿದ್ದಿದೆ. ಯಂತ್ರಕ್ಕೆ ಎಣ್ಣೆ ಹಾಕಿಸು.

ಪುಟ್ಟ


ಮಾರ್ಚ್ 14

ಪುಟ್ಟಾ,

ನಿನ್ನ ಪತ್ರ ಬಂತು. ನಿಯಮ ತಿಳಿಯಿತು. ಸಮಾಧಾನವಾಯಿತು ಎಂದುಕೋ.

ಕಲ್ಲಿನ ಮಾದರಿ ತೆಗೆಯಲು ಮಂಗಳವಾರ ಕೊರೆಯುವ ಯಂತ್ರ ತಂದಿದ್ದರು. ನನಗೆ ಸದ್ದು ಕೇಳಿಸಲಿಲ್ಲ. ಕಪಾಟಿನಲ್ಲಿದ್ದ ಲೋಟಗಳು ತಾವಾಗಿಯೇ ಸರಿದು ಅಂಚಿಗೆ ಬರುವುದನ್ನು ನೋಡಿದೆ. ಎದ್ದು ಗೋಡೆಗೆ ಕೈಯಿಟ್ಟೆ. ಗೋಡೆ ಜ್ವರ ಬಂದವರ ಮೈಯ ಹಾಗೆ ಅದುರುತ್ತಿತ್ತು. ಮರುದಿನ ಬೆಳಿಗ್ಗೆ ಬಕೆಟ್ಟು ಮೇಲೆ ಬಂದಾಗ ನೀರು ಸುಣ್ಣ ಕಲಸಿದ ಹಾಗಿತ್ತು. ಎರಡು ದಿನ ಬಿಟ್ಟ ಮೇಲೆ ತಿಳಿಯಾಯಿತು. ಒಂದು ರಂಧ್ರ ಕೊರೆದದ್ದಕ್ಕೆ ಹೀಗಾದರೆ ಮುಂದೆ ಏನು ಕಾದಿದೆಯೋ.

ಕಂಪನಿಯ ಮ್ಯಾನೇಜರ್ ಕೂಡ ಬಂದಿದ್ದ. ಬಹಳ ಮರ್ಯಾದೆಯಿಂದ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ನಿಮ್ಮಂಥ ಹಿರಿಯರ ಸಹಕಾರ ನಮಗೆ ಸಿಕ್ಕಿದೆ, ಅದನ್ನು ಮರೆಯುವುದಿಲ್ಲ ಎಂದ. ಅವನು ಹೋದ ಮೇಲೆ ಬಾಗಿಲಿನ ಎರಡೂ ಚಿಲಕ ಹಾಕಿದೆ, ಹಾಡಹಗಲಿನಲ್ಲಿ.

ಒಂದು ಕೇಳುತ್ತೇನೆ, ಸುಮ್ಮನೆ ಕುತೂಹಲಕ್ಕೆ. ಒಂದು ಬಾವಿ ಬಳಕೆಯಲ್ಲಿಲ್ಲ ಎಂದು ಯಾರಾದರೂ ಒಮ್ಮೆ ಹೇಳಿದ್ದರೆ, ಆಮೇಲೆ ಅದನ್ನು ಬದಲಾಯಿಸಲು ಆಗುತ್ತದೆಯೇ? ಮೆಕ್ಯಾನಿಕ್ ಯಾರದೋ ವಿಷಯ ಹೇಳುತ್ತಿದ್ದ.

ಅಕ್ಕ


ಮಾರ್ಚ್ 19

ಅಕ್ಕಾ,

ಮೆಕ್ಯಾನಿಕ್‌ನ ವಿಷಯ ಆಮೇಲೆ ನೋಡೋಣ. ಈಗ ಇದನ್ನು ಕೂತು ಓದು.

ಕಡತದ ಎಂಬತ್ತೇಳನೇ ಪುಟದಲ್ಲಿ ಒಂದು ಹೇಳಿಕೆ ಸಿಕ್ಕಿತು. ಮನೆಯ ಮಾಲೀಕಳು ಸರ್ವೆಯವರ ಮುಂದೆ ಕೊಟ್ಟದ್ದಂತೆ: "ನಮ್ಮ ಹಿತ್ತಲಿನ ಬಾವಿ ಹಲವು ವರ್ಷಗಳಿಂದ ಬಳಕೆಯಲ್ಲಿಲ್ಲ." ಕೆಳಗೆ ನಿನ್ನ ಹೆಸರು, ಅದರ ಮೇಲೆ ಒಂದು ಸಹಿ. ಕಾಗೆ ಕಾಲು ಗುಬ್ಬಿ ಕಾಲು. ಒಂದು ಅಕ್ಷರ ಗೆರೆಯ ಮೇಲಿದ್ದರೆ ಇನ್ನೊಂದು ಕೆಳಗೆ ಜಾರಿದೆ. ಮೋಸ ಮಾಡುವವರಿಗೆ ಸ್ವಲ್ಪ ಶ್ರದ್ಧೆಯೂ ಬೇಡವೇ? ನೀನು ಕೆಲಸ ಮಾಡುತ್ತಿದ್ದ ಇಡೀ ಕೋರ್ಟಿನಲ್ಲಿ ಮುತ್ತು ಪೋಣಿಸಿದ ಹಾಗೆ ಬರೆಯುವವಳು ನೀನೊಬ್ಬಳೇ ಎಂದು ಜಡ್ಜು ಹೊಗಳಿದ್ದನ್ನು ನಾನು ಕಿವಿಯಾರೆ ಕೇಳಿದವನು. ನನ್ನ ಮದುವೆಯ ನೋಂದಣಿ ಪತ್ರದಲ್ಲಿ ನಿನ್ನ ಸಾಕ್ಷಿ ಸಹಿ ಇದೆ. ಮನೆಗೆ ಹೋಗಿ ಅದನ್ನು ತಂದು ಪಕ್ಕದಲ್ಲಿಟ್ಟು ನೋಡಿದೆ. ಯಾವ ಕುರುಡನೂ ಇವೆರಡನ್ನು ಒಬ್ಬರದೇ ಎನ್ನಲಾರ.

ನಿನ್ನನ್ನು ಕೇಳಿ ಮುಂದುವರಿಯಬೇಕಿತ್ತು. ಪತ್ರ ಹೋಗಿ ಬರಲು ಹತ್ತು ದಿನ, ಕಡತ ಮೇಲೆ ಹೋಗಲು ಉಳಿದಿದ್ದು ಎರಡೇ ದಿನ. ಟಿಪ್ಪಣಿ ಬರೆದುಬಿಟ್ಟೆ: "ಪುಟ 87ರ ಸಹಿ ನಕಲಿ ಎಂದು ಕಂಡುಬರುತ್ತದೆ. ಸದರಿ ಬಾವಿ ಬಳಕೆಯಲ್ಲಿದೆ. ಅರ್ಜಿ ತಡೆಹಿಡಿದು ಸರ್ವೆಯವರ ಮೇಲೆ ತನಿಖೆ ನಡೆಸಬಹುದು." ಸಹಿ ಹಾಕಿ ಕಳಿಸಿದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರ ಮೇಲೂ ಹೀಗೆ ಬರೆದವನಲ್ಲ. ಆದರೂ ಸರಿಯಾದದ್ದನ್ನೇ ಮಾಡಿದೆ ಎಂಬ ನೆಮ್ಮದಿ ಇದೆ.

ಇನ್ನು ಅವರು ಏನೂ ಮಾಡಲಾರರು.

ಪುಟ್ಟ


ಏಪ್ರಿಲ್ 2

ಅಕ್ಕಾ,

ಎರಡು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಮೈ ಹುಷಾರಿಲ್ಲವೇ? ಅಲ್ಲಿ ಯಾರಾದರೂ ಬಂದು ಹೆದರಿಸಿದರೇ? ಒಂದು ಕಾರ್ಡಾದರೂ ಹಾಕು.

ಇಲ್ಲಿ ದಿನ ಬೆಳಗಾದರೆ ಒಂದೊಂದು. ಮೇಲಧಿಕಾರಿ ಒಳಗೆ ಕರೆದು ಬಾಗಿಲು ಹಾಕಿಸಿದರು. ಆ ಬಾವಿ ಬಳಕೆಯಲ್ಲಿದೆ ಎಂದು ನಿಮಗೆ ಹೇಗೆ ಗೊತ್ತಾಯಿತು, ಸ್ಥಳಕ್ಕೆ ಹೋಗಿದ್ದಿರಾ ಎಂದು ಕೇಳಿದರು. ಖಾಸಗಿ ಮೂಲದಿಂದ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ, "ನೋಡಿ, ಕಲ್ಲು ಹೊಡೆಯೋರಿಗೆ ಕಲ್ಲು ಹೊಡೀಬಾರ್ದು ರೀ" ಎಂದರು. ನಕ್ಕರು. ನನಗೆ ನಗು ಬರಲಿಲ್ಲ.

ಶುಕ್ರವಾರ ನಮ್ಮ ಮನೆ ಗೇಟಿನ ಎದುರು ಒಬ್ಬ ನಿಂತು ಮನೆಯ ಫೋಟೋ ತೆಗೆಯುತ್ತಿದ್ದ. ನಾನು ಹೊರಗೆ ಬಂದರೂ ಅವನು ಓಡಲಿಲ್ಲ. ನನ್ನದೂ ಒಂದು ತೆಗೆದು, ನಡೆದುಕೊಂಡೇ ಹೋದ. ಅಂದಿನಿಂದ ಇವಳು ಕಿಟಕಿಯ ಪರದೆ ಸರಿಸಲು ಬಿಡುತ್ತಿಲ್ಲ. ಟ್ಯೂಬ್‌ಲೈಟಿನಲ್ಲೇ ಮಧ್ಯಾಹ್ನದ ಊಟ.

ಸರ್ವೆಯವಳನ್ನು ಪೊಲೀಸರು ವಿಚಾರಣೆಗೆ ಕರೆದುಕೊಂಡು ಹೋದರಂತೆ. ಲೈಸೆನ್ಸು ಅಮಾನತಾಗಿದೆ. ಇಪ್ಪತ್ತಾರು ವರ್ಷದವಳು, ಇದು ಅವಳ ಎರಡನೆಯ ಕೆಲಸ. ನಕಲಿ ಸಹಿ ತನ್ನದೇ ಕೆಲಸ ಎಂದು ಅವಳು ಒಪ್ಪಿಕೊಳ್ಳಲಿ ಎಂದು ಕಂಪನಿಯವರು ಎಲ್ಲವನ್ನೂ ಅವಳ ತಲೆಗೆ ಕಟ್ಟಲು ನೋಡುತ್ತಿದ್ದಾರಂತೆ. ಅವಳು ಒಪ್ಪಿಲ್ಲ. ಮನೆಯವರೇ ಸಹಿ ಹಾಕಿದರು ಎಂದು ಒಂದೇ ಮಾತು ಹಿಡಿದಿದ್ದಾಳಂತೆ. ಎಂಥ ಗಟ್ಟಿ ಗುಂಡಿಗೆ ನೋಡು.

ಏಪ್ರಿಲ್ 24ಕ್ಕೆ ನಿಮ್ಮೂರಿನ ಸಭಾಂಗಣದಲ್ಲಿ ಬಹಿರಂಗ ವಿಚಾರಣೆ ಇಟ್ಟಿದ್ದಾರೆ. ನಿನಗೆ ಸಮನ್ಸು ಬರುತ್ತದೆ. ಕೇಳುವುದು ಒಂದೇ ಪ್ರಶ್ನೆ, ಸಹಿ ನಿಮ್ಮದೇ ಎಂದು. ಅಲ್ಲ ಎನ್ನುವುದು, ಮನೆಗೆ ಹೋಗುವುದು. ಆಮೇಲೆ ಗಣಿಯೂ ಇಲ್ಲ, ಘಟಕವೂ ಇಲ್ಲ.

ಬರೆ.

ಪುಟ್ಟ


ಏಪ್ರಿಲ್ 7

ಪುಟ್ಟಾ,

ಈ ಪತ್ರವನ್ನು ಮೂರು ಸಲ ಶುರು ಮಾಡಿ ಹರಿದಿದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ. ಎಂಬತ್ತೇಳನೇ ಪುಟದ ಸಹಿ ನನ್ನದು.

ಎರಡು ವರ್ಷದಿಂದ ನನ್ನ ಬಲಗೈ ನಡುಗುತ್ತದೆ. ಮೊದಲು ಚಮಚ ಹಿಡಿದಾಗ ಮಾತ್ರ ಇತ್ತು, ಈಗ ಪೆನ್ನು ಹಿಡಿದರೂ ನಡುಗುತ್ತದೆ. ಡಾಕ್ಟರು ನಿಧಾನವಾಗಿ ಹೆಚ್ಚುತ್ತದೆ, ವಾಸಿಯಾಗುವುದಿಲ್ಲ ಎಂದಿದ್ದಾರೆ. ಟೈಪಿಂಗು ಹೇಗೋ ನಡೆಯುತ್ತದೆ, ಬೆರಳು ಎತ್ತಿ ಕುಕ್ಕಿದರೆ ಆಯಿತು, ಒಂದೊಂದು ಸಲ ಎರಡು ಬೀಳುತ್ತದೆ ಅಷ್ಟೆ. ಯಂತ್ರಕ್ಕೆ ಎಣ್ಣೆ ಚೆನ್ನಾಗಿಯೇ ಇದೆ. ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ನೀನು ಮನೆ ಮಾರಿಸಿ ನಿನ್ನ ಕೋಣೆಯೊಂದರಲ್ಲಿ ಕೂರಿಸುತ್ತಿದ್ದೆ, ನನಗೆ ಗೊತ್ತು.

ಇನ್ನು ಆ ಹೇಳಿಕೆ. ಹೋದ ವರ್ಷ ಕೆಳಗಿನ ಬೀದಿಯಲ್ಲಿ ನೀರು ಪರೀಕ್ಷೆಯವರು ಬಂದು ಎರಡು ಬಾವಿಗಳ ಬಾಯಿಗೆ ಕಾಂಕ್ರೀಟಿನ ಹಲಗೆ ಹಾಕಿ ಮುಚ್ಚಿದ್ದರು, ನೀರು ಕುಡಿಯಲು ಯೋಗ್ಯವಲ್ಲ ಎಂದು. ನಲ್ಲಿಯಲ್ಲಿ ವಾರಕ್ಕೆ ಎರಡು ದಿನ ನೀರು. ಬಾವಿ ಹೋದರೆ ನಾನು ಏನು ಮಾಡಲಿ? ಜನವರಿಯಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗಿ ಪಕ್ಕದ ಮನೆಯಲ್ಲಿ ಬಾವಿಯ ವಿಷಯ ಕೇಳುತ್ತಿದ್ದಾಳೆ ಎಂದು ಮೆಕ್ಯಾನಿಕ್ ಹೇಳಿದ. ಅದೇ ಜನ ಎಂದುಕೊಂಡೆ. ಅವಳು ನನ್ನ ಬಾಗಿಲಿಗೆ ಬರುವಷ್ಟರಲ್ಲಿ ಹಗ್ಗ, ಬಕೆಟ್ಟು ಒಳಗೆ ತಂದಿಟ್ಟು, ಬಾವಿಯ ಮೇಲೆ ತಗಡು ಎಳೆದು, ತಗಡಿನ ಮೇಲೆ ಹಳೆಯ ಕುಂಡ ಜೋಡಿಸಿದ್ದೆ. ಅವಳು ಬಂದು ನೋಡಿದಳು, ಅಮ್ಮ ಇದು ಬಳಸ್ತೀರಾ ಎಂದು ಕಿವಿಯ ಹತ್ತಿರ ಕೂಗಿ ಕೇಳಿದಳು. ಇಲ್ಲ, ವರ್ಷಗಳಾಯಿತು ಎಂದೆ. ಅವಳು ಹಾಗೆಯೇ ಬರೆದುಕೊಂಡಳು. ಕಾಗದದ ಕಟ್ಟು ಮುಂದಿಟ್ಟು ಏನೋ ವಿವರಿಸಿದಳು. ನಾನು ಬಾವಿಯ ಸಾಲನ್ನು ಮಾತ್ರ ಓದಿ ಸಹಿ ಹಾಕಿದೆ. ಮೇಲಿನ ಹಾಳೆ ತಿರುಗಿಸಿದ್ದರೆ ಕಂಪನಿಯ ಹೆಸರು ಕಾಣುತ್ತಿತ್ತು.

ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಅಫಿಡವಿಟ್ಟು ಟೈಪ್ ಮಾಡಿದವಳು ನಾನು. ಸಹಿ ಹಾಕುವ ಪ್ರತಿಯೊಬ್ಬರಿಗೂ ಮೊದಲು ಪೂರ್ತಿ ಓದಿ ಎಂದು ಗದರಿದವಳು. ನಿನ್ನ ಮೊದಲ ಪತ್ರದಲ್ಲಿ ನಿಯಮ ಓದಿದಾಗ ನೆಲ ಕುಸಿದ ಹಾಗಾಯಿತು. ನಿನಗೆ ಹೇಳಲು ನಾಚಿಕೆ. ಇಡೀ ರಾತ್ರಿ ಧೈರ್ಯ ತಂದುಕೊಂಡು ಕೊನೆಗೆ ಮೆಕ್ಯಾನಿಕ್‌ನ ಹೆಸರಿನಲ್ಲಿ ಕೇಳಿದೆ. ಅಷ್ಟರಲ್ಲಿ ನೀನು ಟಿಪ್ಪಣಿ ಬರೆದಾಗಿತ್ತು. ಆಮೇಲೆ, ಹಾಗೆಯೇ ಇರಲಿ, ಗಣಿ ನಿಂತರೆ ಸಾಕು ಎಂದು ಎರಡು ವಾರ ಸುಮ್ಮನಿದ್ದೆ. ಅದನ್ನೂ ಮುಚ್ಚಿಡುವುದಿಲ್ಲ.

ಶನಿವಾರ ಆ ಹುಡುಗಿಯ ತಾಯಿ ಬಂದಿದ್ದರು. ಬಸ್ಸಿಳಿದು ಬಿಸಿಲಿನಲ್ಲಿ ಮನೆ ಹುಡುಕಿಕೊಂಡು. ಜಗಳಕ್ಕೆ ಬಂದವರಲ್ಲ. ಹೊಸ್ತಿಲಿನಲ್ಲಿ ನಿಂತು, ತಾವೇ ಬರೆದು ತಂದ ಚೀಟಿ ಕೊಟ್ಟರು, ನನಗೆ ಕಿವಿ ಕೇಳಿಸುವುದಿಲ್ಲ ಎಂದು ಮಗಳು ಹೇಳಿದ್ದಳಂತೆ. ಚೀಟಿಯಲ್ಲಿ ಇದ್ದದ್ದು ಇಷ್ಟೆ: "ನನ್ನ ಮಗಳು ಊಟ ಮಾಡ್ತಾ ಇಲ್ಲ. ನೀವು ಸಹಿ ಹಾಕಿದ್ದು ನಿಜಾನಾ ಸುಳ್ಳಾ, ನನಗಾದ್ರೂ ಹೇಳಿ. ಅವಳು ಸುಳ್ಳು ಹೇಳ್ತಿದ್ರೆ ನಾನು ತಿದ್ದುತೀನಿ." ನಾನು ಅವರಿಗೆ ಕುರ್ಚಿ ಕೊಟ್ಟೆ. ಉತ್ತರ ಕೊಡಲಿಲ್ಲ. ಮೊದಲು ನಿನಗೆ ಹೇಳಬೇಕಿತ್ತು.

24ಕ್ಕೆ ಹೋಗಿ ನಿಜ ಹೇಳುತ್ತೇನೆ. ಬಾವಿ ಬಳಸುತ್ತೇನೆ ಎಂದೂ ಹೇಳುತ್ತೇನೆ, ನಂಬುವುದು ಬಿಡುವುದು ಅವರಿಗೆ ಸೇರಿದ್ದು. ಇದರಿಂದ ನಿನಗೆ ಏನಾಗುತ್ತದೆ ಎನ್ನುವುದನ್ನು ಮಾತ್ರ ತಕ್ಷಣ ಬರೆ. ಅದಕ್ಕೆ ತಯಾರಾಗಿ ಹೋಗಬೇಕು.

ಅಕ್ಕ


ಏಪ್ರಿಲ್ 13

ಅಕ್ಕಾ,

ಎರಡು ವರ್ಷದಿಂದ ಕೈ ನಡುಗುತ್ತಿದೆ, ನನಗೆ ಒಂದು ಮಾತು ಇಲ್ಲ. ಅದರ ಬಗ್ಗೆ ಬೇರೆ ಪತ್ರ ಬರೆಯುತ್ತೇನೆ, ಈಗ ಬರೆದರೆ ಬೈಗುಳವೇ ಆಗುತ್ತದೆ.

ನನಗೆ ಏನಾಗುತ್ತದೆ ಎಂದು ಕೇಳಿದ್ದೀಯ. ನಾನು ಸರ್ಕಾರಿ ಕಡತದಲ್ಲಿ ಒಬ್ಬಳ ಮೇಲೆ ನಕಲಿ ಸಹಿಯ ಆರೋಪ ಬರೆದಿದ್ದೇನೆ. ಸಹಿ ಹಾಕಿದವಳು ನನ್ನ ಒಡಹುಟ್ಟಿದವಳು. ಅದನ್ನು ಮುಚ್ಚಿಟ್ಟು ಬರೆದಿದ್ದೇನೆ. ನೀನು ಎದ್ದು ನಿಂತು ಸಹಿ ನನ್ನದೇ ಎಂದರೆ, ನಾನು ತಿಳಿಯದೆ ತಪ್ಪು ಮಾಡಿದೆ ಎಂದು ಯಾರೂ ನಂಬುವುದಿಲ್ಲ. ಅಕ್ಕ ತಮ್ಮ ಸೇರಿ ಹೂಡಿದ ಆಟ ಎನ್ನುತ್ತಾರೆ. ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಿನದ್ದೂ ಆಗಬಹುದು. ನೀನು ನನ್ನ ಹೆಸರು ಹೇಳಬೇಕೆಂದೂ ಇಲ್ಲ, ನಮ್ಮ ಸಂಬಂಧ ಅವರು ಆಗಲೇ ಹುಡುಕಿರಬೇಕು, ಫೋಟೋ ತೆಗೆದವನು ಸುಮ್ಮನೆ ತೆಗೆದಿಲ್ಲ.

ಇದರ ಜೊತೆಗೆ ಗಣಿಗೂ ದಾರಿ ಸಲೀಸಾಗುತ್ತದೆ. ಸ್ವತಃ ಮಾಲೀಕಳೇ ಬಳಕೆಯಲ್ಲಿಲ್ಲ ಎಂದು ಬರೆದುಕೊಟ್ಟ ಬಾವಿ ಎಂದು ಅವರ ವಕೀಲ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ನೀರು ಹೋಗುತ್ತದೆ, ನಾನೂ ಹೋಗುತ್ತೇನೆ. ಉಳಿಯುವುದು ಆ ಹುಡುಗಿ ಒಬ್ಬಳೇ.

ನಾನು ಸುಳ್ಳು ಹೇಳು ಎನ್ನುತ್ತಿಲ್ಲ. ಜ್ಞಾಪಕ ಇಲ್ಲ ಎನ್ನು. ವಯಸ್ಸಾಗಿದೆ, ಕಿವಿ ಕೇಳಿಸುವುದಿಲ್ಲ, ಯಾರೂ ನಿನ್ನನ್ನು ಒತ್ತಾಯ ಮಾಡುವುದಿಲ್ಲ. ಜ್ಞಾಪಕ ಇಲ್ಲ ಎಂದರೆ ಸಾಕು, ಕಡತ ವರ್ಷಗಟ್ಟಲೆ ಕೂರುತ್ತದೆ. ಆ ಹುಡುಗಿಗೆ ಒಳ್ಳೆಯ ವಕೀಲನನ್ನು ನಾನೇ ಗೊತ್ತು ಮಾಡುತ್ತೇನೆ, ಯಾರ ಕಡೆಯಿಂದ ಎಂದು ತಿಳಿಯದ ಹಾಗೆ. ಚಿಕ್ಕ ವಯಸ್ಸು, ಬೇರೆ ಕೆಲಸ ಸಿಗುತ್ತದೆ.

ಇದನ್ನು ಓದಿದ ಮೇಲೆ ಸುಟ್ಟುಬಿಡು.

ಪುಟ್ಟ

(ಏಪ್ರಿಲ್ 20) ಈ ಪತ್ರ ಒಂದು ವಾರದಿಂದ ನನ್ನ ಚೀಲದಲ್ಲಿದೆ. ಅಂಚೆ ಡಬ್ಬಿಯ ತನಕ ಹೋಗಿ ಎರಡು ಸಲ ವಾಪಸು ಬಂದೆ. ಇವತ್ತು ಹಾಕುತ್ತಿದ್ದೇನೆ. ನನಗೆ ಭಯವಾಗುತ್ತಿದೆ ಅಕ್ಕಾ. ಬೇರೇನೂ ಇಲ್ಲ.


ಏಪ್ರಿಲ್ 27

ಪುಟ್ಟಾ,

ನಿನ್ನ ಪತ್ರ 25ರಂದು ಬಂತು. ವಿಚಾರಣೆ 24ಕ್ಕೆ ಮುಗಿದಿತ್ತು. ಹದಿನೇಳು ದಿನ ಕಾದು, ನಿನ್ನಿಂದ ಉತ್ತರ ಬರಲಿಲ್ಲವೆಂದರೆ ನನ್ನ ಇಷ್ಟಕ್ಕೆ ಬಿಟ್ಟಿದ್ದೀಯ ಎಂದುಕೊಂಡು ಹೋದೆ. ಹೋಗುವ ಮೊದಲೇ ಪತ್ರ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ, ನನಗೂ ಗೊತ್ತಿಲ್ಲ. ನೀನೂ ಕೇಳಬೇಡ.

ನಡೆದದ್ದನ್ನು ಬರೆಯುತ್ತೇನೆ, ನಿನ್ನ ಕಚೇರಿಯವರು ನಿನ್ನನ್ನು ವಿಚಾರಣೆಗೆ ಬೇಕೆಂದೇ ಬರಗೊಡಲಿಲ್ಲ ಎಂದು ಆಮೇಲೆ ತಿಳಿಯಿತು. ಮೆಕ್ಯಾನಿಕ್ ತನ್ನ ವ್ಯಾನಿನಲ್ಲಿ ಕರೆದುಕೊಂಡು ಹೋದ. ಸಭಾಂಗಣದಲ್ಲಿ ನೂರು ಜನ ಇದ್ದರು. ಕಂಪನಿಯವರು ಮುಂದಿನ ಸಾಲಿನಲ್ಲಿ, ಆ ಹುಡುಗಿಯೂ ತಾಯಿಯೂ ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ. ನನಗೆ ಕೇಳಿಸುವುದಿಲ್ಲವೆಂದು ವಿಚಾರಣಾಧಿಕಾರಿಯ ಗುಮಾಸ್ತ ಪ್ರತಿ ಪ್ರಶ್ನೆಯನ್ನೂ ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಡುತ್ತಿದ್ದ. ನಾನು ಬಾಯಿಯಲ್ಲಿ ಉತ್ತರ ಹೇಳುವುದು. ಎಷ್ಟು ಜೋರಾಗಿ ಹೇಳಿದೆನೋ, ಮುಂದಿನ ಸಾಲಿನವರು ಹಿಂದಕ್ಕೆ ವಾಲಿದ್ದು ಕಂಡಿತು.

ಮೊದಲ ಚೀಟಿ: ಸಹಿ ನಿಮ್ಮದೇ? ನನ್ನದೇ ಎಂದೆ. ಹಾಳೆ ಕೊಟ್ಟು ಐದು ಸಲ ಸಹಿ ಮಾಡಿ ಎಂದರು. ಎಲ್ಲರ ಎದುರು ನಡುಗುವ ಕೈಯಿಂದ ಐದು ಸಲ ಬರೆದೆ. ಐದೂ ಐದು ಥರ. ಅಧಿಕಾರಿ ಬಹಳ ಹೊತ್ತು ನೋಡಿ, ಎಂಬತ್ತೇಳನೇ ಪುಟವನ್ನು ಪಕ್ಕದಲ್ಲಿಟ್ಟು, ತಲೆಯಾಡಿಸಿದರು. ನಾನು ಹಿಂದೆ ತಿರುಗಿ ನೋಡಿದೆ. ಆ ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಎರಡನೆಯ ಚೀಟಿ: ಬಾವಿ ಬಳಕೆಯಲ್ಲಿಲ್ಲ ಎಂಬುದು ನಿಜವೇ? ಸುಳ್ಳು, ಮುಚ್ಚಿಬಿಡುತ್ತಾರೆಂದು ಹೆದರಿ ಹೇಳಿದೆ, ತಗಡು ಹಾಕಿ ಅವಳ ಕಣ್ಣಿಗೆ ಮಣ್ಣೆರಚಿದೆ ಎಂದೆ. ಕಂಪನಿಯ ವಕೀಲ ಎದ್ದ. ಅಂದು ಸುಳ್ಳು ಹೇಳಿದವರು ಇಂದು ನಿಜ ಹೇಳುತ್ತಿದ್ದಾರೆ ಎಂದು ಹೇಗೆ ನಂಬುವುದು ಎಂದನಂತೆ. ಅದನ್ನು ಗುಮಾಸ್ತ ಬರೆದುಕೊಡುವ ಮೊದಲೇ ನಮ್ಮ ಮೆಕ್ಯಾನಿಕ್ ಯಾರನ್ನೂ ಕೇಳದೆ ಎದ್ದು ನಿಂತುಬಿಟ್ಟ. ಅವನು ಹೇಳಿದ್ದನ್ನು ಆಮೇಲೆ ವ್ಯಾನಿನಲ್ಲಿ ನನಗೆ ಮೂರು ಸಲ ಹೇಳಿ ಕೇಳಿಸಿದ: "ಸ್ವಾಮಿ, ಎರಡು ವರ್ಷದಿಂದ ಅಮ್ಮಂಗೆ ಆ ಬಾವಿ ನೀರು ದಿನಾ ಸೇದಿಕೊಡ್ತಿರೋನು ನಾನು. ಬಳಕೇಲಿ ಇಲ್ಲ ಅಂದ್ರೆ, ನನ್ನ ಸೊಂಟ ನೋವಿಗೆ ಯಾರು ಕಾರಣ, ಅದನ್ನಾದ್ರೂ ಬರ್ಕೊಳ್ಳಿ." ಜನ ನಕ್ಕರು. ಅಧಿಕಾರಿ ಬರೆದುಕೊಂಡರು.

ಮೂರನೆಯ ಚೀಟಿ ವಕೀಲನದು. ಅದನ್ನು ಓದುವಾಗ ಕಾಗದ ಎಷ್ಟು ಅಲುಗಾಡಿತೆಂದರೆ ಮೇಜಿನ ಮೇಲೆ ಇಟ್ಟು ಓದಬೇಕಾಯಿತು. ಟಿಪ್ಪಣಿ ಬರೆದ ಪರಿಶೀಲಕರು ನಿಮಗೆ ಏನಾಗಬೇಕು? ಅವರಿಗೆ ಮೊದಲೇ ಗೊತ್ತಿತ್ತು ಪುಟ್ಟಾ, ವಕೀಲನ ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ತಮ್ಮ ಎಂದೆ. ಈ ಸಲ ಜೋರಾಗಿ ಬರಲಿಲ್ಲ. ಇನ್ನೊಮ್ಮೆ ಹೇಳಿ ಎಂದು ಸನ್ನೆ ಮಾಡಿದರು. ಇನ್ನೊಮ್ಮೆ ಹೇಳಿದೆ. ಸಹಿ ನನ್ನದೆಂದು ಅವನಿಗೆ ಗೊತ್ತಿರಲಿಲ್ಲ, ಕೈ ನಡುಗುವ ವಿಷಯ ನಾನೇ ಮುಚ್ಚಿಟ್ಟಿದ್ದೆ ಎಂದೂ ಹೇಳಿದೆ. ಬರೆದುಕೊಂಡರೋ ಇಲ್ಲವೋ ಕಾಣಲಿಲ್ಲ.

ಆದೇಶ ಹೀಗಿದೆ: ಎಂಬತ್ತೇಳನೇ ಪುಟ ರದ್ದು. ಬೇರೆ ಇಲಾಖೆಯವರು ಬಂದು ಎರಡು ತಿಂಗಳೊಳಗೆ ಬಾವಿ ಅಳೆದು ವರದಿ ಕೊಡಬೇಕು, ಅಲ್ಲಿಯವರೆಗೆ ಅಗೆಯುವಂತಿಲ್ಲ. ಹುಡುಗಿಯ ಮೇಲಿನ ದೂರು ಕೈಬಿಡುತ್ತಾರೆ, ಲೈಸೆನ್ಸು ಇನ್ನೂ ಕೊಟ್ಟಿಲ್ಲ. ಗೂಟಗಳನ್ನು ಯಾರೂ ಕಿತ್ತಿಲ್ಲ. ನಿನ್ನೆಯಿಂದ ಇಳಿಜಾರಿನ ತುದಿಯಲ್ಲಿ ಒಂದು ಜೀಪು ನಿಂತಿದೆ. ಒಳಗೆ ಇಬ್ಬರು. ಏನೂ ಮಾಡುವುದಿಲ್ಲ, ಮನೆಯ ಕಡೆ ಮುಖ ಮಾಡಿ ಕೂತಿರುತ್ತಾರೆ. ನಾನು ಬಟ್ಟೆ ಒಣಗಿಸಲು ಹೊರಗೆ ಹೋಗುತ್ತಿಲ್ಲ.

ಈಗ ಮುಖ್ಯ ವಿಷಯ. ನಿನ್ನ ಮೇಲಿನ ಇಲಾಖಾ ವಿಚಾರಣೆಯವರಿಂದ ನನಗೆ ನೋಟಿಸು ಬಂದಿದೆ. ಈ ವಿಷಯದಲ್ಲಿ ನೀನು ನನಗೆ ಬರೆದ ಪತ್ರಗಳಿದ್ದರೆ ಮೇ 9ರೊಳಗೆ ಹಾಜರುಪಡಿಸಬೇಕು. ಮೊದಲ ಮೂರನ್ನು ಕೊಡುತ್ತೇನೆ. ಸಂಬಂಧ ಮುಚ್ಚಿಟ್ಟದ್ದು ಅದರಲ್ಲಿ ಇದೆ, ನೀನು ಸಹಿ ನಕಲಿಯೆಂದೇ ನಂಬಿದ್ದೆ ಎನ್ನುವುದೂ ಇದೆ. ನಾಲ್ಕನೆಯದು, 13ರ ಪತ್ರ, ಬೇರೆ. ಅದರಲ್ಲಿ ನೀನು ಗೊತ್ತಿದ್ದೂ ಒಂದು ಹುಡುಗಿಯನ್ನು ಬಿಟ್ಟುಕೊಡಲು ಹೇಳಿದ್ದೀಯ. ಸುಟ್ಟುಬಿಡು ಎಂದಿದ್ದೀಯ. ಒಲೆ ಹಚ್ಚಿದೆ. ಕೈಯಲ್ಲಿ ಹಿಡಿದು ನಿಂತೆ. ಆಗಲಿಲ್ಲ. ಅವರಿಗೆ ಕೊಡೋಣವೆಂದರೆ ಅದೂ ಆಗಲಿಲ್ಲ.

ಅದನ್ನು ಇದರ ಜೊತೆಗೆ ನಿನಗೇ ವಾಪಸು ಕಳಿಸುತ್ತಿದ್ದೇನೆ. ನನ್ನ ಸುಳ್ಳನ್ನು ನಾನು ಹೇಳಿ ಮುಗಿಸಿದ್ದೇನೆ. ಇದು ನಿನ್ನದು.

ಅಕ್ಕ


ಮೇ 6

ಅಕ್ಕಾ,

ನೀನು ಕಳಿಸಿದ್ದು ಶುಕ್ರವಾರ ಸಿಕ್ಕಿತು. ನಾಲ್ಕು ದಿನ ಡ್ರಾಯರಿನಲ್ಲಿಟ್ಟಿದ್ದೆ. ನಿನ್ನೆ ಇವಳು ಹೇಳಿದಳು: "ಕೊಡಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಆ ಡ್ರಾಯರ್ ತೆಗೆದು ತೆಗೆದು ಮುಚ್ಚೋದು ಮಾತ್ರ ನಿಲ್ಸಿ."

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಆ ಪತ್ರವನ್ನು ಇಲಾಖಾ ವಿಚಾರಣಾಧಿಕಾರಿಯ ಕೈಗೆ ಕೊಟ್ಟೆ. ಅವರು ನಿಂತೇ ಓದಿದರು, ಕೂತು ಇನ್ನೊಮ್ಮೆ ಓದಿದರು. ಇದನ್ನು ಕೊಡಲೇಬೇಕೆಂದು ನಿಮಗೆ ಯಾರೂ ಹೇಳಿರಲಿಲ್ಲವಲ್ಲ ಎಂದರು. ಇಲ್ಲ ಎಂದೆ. ಸ್ವೀಕೃತಿ ಚೀಟಿ ಬರೆದುಕೊಟ್ಟರು. ಮಧ್ಯಾಹ್ನ ಎರಡು ಗಂಟೆಗೆ ಅಮಾನತಿನ ಆದೇಶ ಬಂತು. ಮೇಜಿನ ಬೀಗದ ಕೈ ಒಪ್ಪಿಸಿ ಮೆಟ್ಟಿಲಿಳಿದೆ. ಮುಂದೆ ಏನೆಂದು ಗೊತ್ತಿಲ್ಲ. ಭಯ ಕಡಿಮೆಯಾಗಿಲ್ಲ, ಯಾರಾದರೂ ಕಡಿಮೆಯಾಗುತ್ತದೆ ಎಂದರೆ ನಂಬಬೇಡ.

ನಿಮ್ಮ ಕಡತ ಮೂರನೇ ಮೇಜಿಗೆ ಹೋಗಿದೆ. ಅಳತೆಯವರು ಈ ತಿಂಗಳ 18ಕ್ಕೆ ಬರುತ್ತಾರೆಂದು ಕೇಳಿದೆ. ಅವರು ಬರೆದದ್ದನ್ನು ಆ ಮೇಜಿನವನು ಓದುವುದಿಲ್ಲ, ಹಾಗೆಯೇ ಒಪ್ಪುತ್ತಾನೆ. ಅಂದರೆ ಅಂದು ಅವರು ಬಾವಿಕಟ್ಟೆಯ ಹತ್ತಿರ ನಿಂತು ಏನು ಬರೆದುಕೊಳ್ಳುತ್ತಾರೋ ಅದೇ ಕೊನೆ.

ನಾನು ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ. ಜೀಪಿನವರು ನೋಡಿದರೆ ನೋಡಲಿ, ಬಚ್ಚಿಡಲು ಇನ್ನು ನನ್ನ ಹತ್ತಿರ ಏನೂ ಇಲ್ಲ. ಆದರೆ ಅಳತೆಯ ದಿನ ನಾನು ನಿನ್ನ ಹಿತ್ತಲಿನಲ್ಲಿ ಇರಬಾರದೆಂದು ಇಲಾಖೆಯವರು ಬರೆದು ತಿಳಿಸಿದ್ದಾರೆ. ಆ ಹೊತ್ತಿಗೆ ಶೆಡ್ಡಿನಲ್ಲಿ ಕೂತಿರುತ್ತೇನೆ, ಮೆಕ್ಯಾನಿಕ್ ಸ್ಟೂಲು ಕೊಟ್ಟರೆ. ಅವರು ಕೊಡುವ ಕಾಗದವನ್ನು ಮೊದಲ ಹಾಳೆಯಿಂದ ಓದು. ಎಷ್ಟು ಹೊತ್ತಾದರೂ ಆಗಲಿ, ಅವರು ನಿಂತು ಕಾಯಲಿ.

ಪುಟ್ಟ